ಇನ್ನೂ ಮುರಿಯದ ಪ್ರೀತಿಯ ಭಯ: ಒಂದು ರಾಕ್ ಪ್ರೇಮಗೀತೆಯನ್ನು ಕಟ್ಟುವ ಕ್ರಮ

ಪ್ರೀತಿ ಮುರಿದುಬಿದ್ದ ಮೇಲೆ ಬರೆದ ಹಾಡುಗಳು ಲೆಕ್ಕವಿಲ್ಲದಷ್ಟಿವೆ. ಪ್ರೀತಿ ಇನ್ನೂ ಗಟ್ಟಿಯಾಗಿಯೇ ಇರುವಾಗ, ಪ್ರೀತಿಸಿದ ವ್ಯಕ್ತಿ ಪಕ್ಕದಲ್ಲೇ ಕುಳಿತಿರುವಾಗ, ‘ಇದು ಕೈತಪ್ಪಿ ಹೋದರೆ ನನ್ನ ಗತಿಯೇನು’ ಎಂಬ ಅಳುಕಿನಿಂದ ಹುಟ್ಟುವ ಹಾಡನ್ನು ಬರೆಯುವುದು ಅದಕ್ಕಿಂತ ಕಷ್ಟ. ವಿರಹದ ಹಾಡಿನಲ್ಲಿ ಆಗಬೇಕಾದದ್ದೆಲ್ಲ ಆಗಿಹೋಗಿರುತ್ತದೆ. ಹಾಡುವವರು ನಿಶ್ಚಿಂತೆಯಿಂದ ಅಳಬಹುದು. ಭಯದ ಹಾಡಿನಲ್ಲಿ ಏನೂ ಆಗಿಲ್ಲ, ಎಲ್ಲವೂ ಇನ್ನೂ ಕೈಯಲ್ಲೇ ಇದೆ, ಹಾಡಿದ ಮಾತು ಎದುರಿನವರ ಕಿವಿಗೆ ಬಿದ್ದು ಸಂಬಂಧವನ್ನೇ ಬದಲಿಸಿಬಿಡಬಹುದು. ಈ ವ್ಯತ್ಯಾಸವನ್ನು ಕೊನೆಯವರೆಗೂ ಕಾಪಾಡಿಕೊಂಡರೆ ಹಾಡು ನಿಲ್ಲುತ್ತದೆ. ಸಾಹಿತ್ಯದ ಕಾಲಸೂಚಕಗಳಿಂದ ಹಿಡಿದು ಕೊನೆಯ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನವರೆಗಿನ ಎಲ್ಲ ನಿರ್ಧಾರಗಳನ್ನೂ ಇದೊಂದೇ ಅಳತೆಗೋಲಿನಿಂದ ಅಳೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಇಲ್ಲಿ ವಿವರಿಸಿರುವ ಕ್ರಮವನ್ನು ಅನುಸರಿಸಲು ಗಿಟಾರಿನಲ್ಲಿ ಆರೇಳು ಕಾರ್ಡ್‌ಗಳನ್ನು ಹಿಡಿಯಲು ಬಂದರೆ ಸಾಕು. ಪೂರ್ಣ ತಂಡವಿದ್ದರೆ ಒಳ್ಳೆಯದು, ಇಲ್ಲದಿದ್ದರೂ ಹಾಡಿನ ಮೂಲರೂಪವನ್ನು ಒಬ್ಬರೇ ಸಿದ್ಧಪಡಿಸಬಹುದು.

ಮೊದಲು ಕ್ಷಣವನ್ನು ಆರಿಸಿಕೊಳ್ಳಿ

ಪೆನ್ನು ಹಿಡಿಯುವ ಮೊದಲು ಮೂರು ವಿಷಯಗಳು ನಿಮಗೆ ಸ್ಪಷ್ಟವಾಗಿರಬೇಕು: ಯಾರು ಹಾಡುತ್ತಿದ್ದಾರೆ, ಯಾರಿಗೆ ಹಾಡುತ್ತಿದ್ದಾರೆ, ಆ ಹೊತ್ತಿಗೆ ಇಬ್ಬರ ನಡುವೆ ಏನು ನಡೆದಿದೆ. ಮೂರನೆಯದಕ್ಕೆ ಉತ್ತರ ‘ಏನೂ ನಡೆದಿಲ್ಲ’ ಎಂದೇ ಇರಲಿ. ಜಗಳ, ಮೋಸ, ಇನ್ನೊಬ್ಬರ ಪ್ರವೇಶ ಇತ್ಯಾದಿಗಳನ್ನು ತಂದ ಕೂಡಲೇ ಭಯಕ್ಕೆ ಕಾರಣ ಹೊರಗಿನಿಂದ ಬಂದುಬಿಡುತ್ತದೆ, ಹಾಡು ದೂರಿನ ಹಾಡಾಗುತ್ತದೆ. ನಮಗೆ ಬೇಕಾಗಿರುವುದು ಕಾರಣವಿಲ್ಲದೆಯೇ ಬರುವ ಭಯ, ಅಂದರೆ ಪ್ರೀತಿ ಹೆಚ್ಚಾದಷ್ಟೂ ಅದರ ಜೊತೆಗೇ ಹೆಚ್ಚುವ ಭಯ.

ಇದಾದ ಮೇಲೆ ಹದಿನೈದು ನಿಮಿಷ ಬಿಡುವು ಮಾಡಿಕೊಂಡು, ಎಂದೂ ಕಳುಹಿಸದ ಒಂದು ಪತ್ರವನ್ನು ಆ ವ್ಯಕ್ತಿಗೆ ಬರೆಯಿರಿ. ಪ್ರಾಸ, ಲಯ, ಸೊಗಸು ಯಾವುದರ ಗೊಡವೆಯೂ ಬೇಡ. ‘ನಿನಗೆ ಗೊತ್ತಿಲ್ಲ, ಆದರೆ ನಾನು’ ಎಂದು ಪ್ರತಿ ವಾಕ್ಯವನ್ನೂ ಆರಂಭಿಸಿ. ಬರೆದು ಮುಗಿಸಿದ ಮೇಲೆ ‘ಹೃದಯ’, ‘ನೋವು’, ‘ಕಣ್ಣೀರು’, ‘ಒಂಟಿತನ’, ‘ಜೀವ’ ಎಂಬ ಪದಗಳಿರುವ ವಾಕ್ಯಗಳನ್ನೆಲ್ಲ ಹೊಡೆದುಹಾಕಿ. ಈ ಪದಗಳಲ್ಲಿ ತಪ್ಪೇನೂ ಇಲ್ಲ, ಆದರೆ ಇವು ಯಾರ ಬಾಯಿಂದ ಬಂದರೂ ಒಂದೇ ರೀತಿ ಕೇಳಿಸುತ್ತವೆ. ಉಳಿದ ವಾಕ್ಯಗಳಲ್ಲಿ ನೀವು ನಾಚಿಕೆಯಿಂದ ಬಚ್ಚಿಟ್ಟಿದ್ದ ಯಾವುದೋ ಸಣ್ಣ ವರ್ತನೆ ಸಿಗುತ್ತದೆ. ಉದಾಹರಣೆಗೆ:

ನೀನು ಕರೆ ಮಾಡಿದರೆ ಕೂಡಲೇ ಎತ್ತುವುದಿಲ್ಲ,
ಕಾದು ಕೂತಿದ್ದೆನೆಂದು ಗೊತ್ತಾಗಬಾರದಲ್ಲ.

ಈ ಎರಡು ಸಾಲುಗಳಲ್ಲಿ ‘ಭಯ’ ಎಂಬ ಪದವಾಗಲಿ ‘ಪ್ರೀತಿ’ ಎಂಬ ಪದವಾಗಲಿ ಇಲ್ಲ, ಎರಡೂ ಕಾಣಿಸುತ್ತವೆ. ಮೊದಲ ಚರಣಕ್ಕೆ ಇಂಥ ಎರಡು ವರ್ತನೆಗಳು ಸಾಕು. ಮೂರನೆಯದು ಸಿಕ್ಕರೆ ಎರಡನೆಯ ಚರಣಕ್ಕೆ ಎತ್ತಿಡಿ.

ಪಲ್ಲವಿಯಲ್ಲಿ ಒಂದೇ ಮಾತು

ಚರಣ ವರ್ತನೆಯನ್ನು ತೋರಿಸಿದರೆ ಪಲ್ಲವಿ ಕೋರಿಕೆಯನ್ನು ಹೇಳಬೇಕು. ಭಯಪಟ್ಟವರು ವಿವರಣೆ ಕೊಡುತ್ತಾ ಕೂರುವುದಿಲ್ಲ, ಏನನ್ನೋ ಬೇಡುತ್ತಾರೆ. ಕನ್ನಡದಲ್ಲಿ ಇದಕ್ಕೆ ಒದಗುವ ಕ್ರಿಯಾರೂಪಗಳು ಬಹಳ ಶಕ್ತವಾಗಿವೆ: ‘ಹೋದರೆ’, ‘ಹೋಗುವುದಾದರೆ’ ಎಂಬ ಷರತ್ತು, ‘ಹೇಳು’, ‘ಇರು’ ಎಂಬ ವಿಧಿ, ‘ಹೋಗಬೇಡ’ ಎಂಬ ನಿಷೇಧ. ಪಲ್ಲವಿಯನ್ನು ಈ ರೂಪಗಳಿಂದಲೇ ಕಟ್ಟಿ. ‘ಹೋದೆ’, ‘ಬಿಟ್ಟೆ’, ‘ಮರೆತೆ’ ಎಂಬ ಭೂತಕಾಲದ ರೂಪಗಳು ನುಸುಳಿದರೆ ಅಲ್ಲಿಗೆ ಅದು ವಿರಹದ ಹಾಡಾಯಿತು.

ಉದ್ದಕ್ಕೂ ಬಳಸಿಕೊಳ್ಳಲು ಒಂದು ಮಾದರಿ ಪಲ್ಲವಿಯನ್ನು ಇಲ್ಲಿ ಕೊಡುತ್ತೇನೆ:

ಹೋಗುವುದಾದರೆ ಈಗಲೆ ಹೇಳು,
ಅರ್ಧವು ನನ್ನಲೆ ಉಳಿದಿರುವಾಗ.

ಹಾಡುವವರು ಧೈರ್ಯಸ್ಥರಂತೆ ಮಾತನಾಡುತ್ತಿದ್ದಾರೆ: ಬಿಟ್ಟುಹೋಗುವ ಮನಸ್ಸಿದ್ದರೆ ಈಗಲೇ ಹೇಳಿಬಿಡು, ನಾನು ಇನ್ನೂ ಅರ್ಧ ಮಾತ್ರ ನಿನ್ನ ಕೈಯಲ್ಲಿದ್ದೇನೆ. ಈ ಧೈರ್ಯ ನಿಜವಲ್ಲವೆಂದು ಕೇಳುಗರಿಗೆ ಮೊದಲ ಸಲವೇ ಅನುಮಾನ ಬರಬೇಕು, ಹಾಡುವವರ ಬಾಯಿಂದ ಅದು ಹೊರಬರುವುದು ಮಾತ್ರ ಬ್ರಿಡ್ಜ್ ಭಾಗದಲ್ಲಿ, ಅಂದರೆ ಎರಡನೆಯ ಪಲ್ಲವಿಯಾದ ಮೇಲೆ ಒಮ್ಮೆ ಮಾತ್ರ ಬಂದುಹೋಗುವ ಆ ಬೇರೆ ಧಾಟಿಯ ತುಣುಕಿನಲ್ಲಿ:

ಅರ್ಧವೆಂದದ್ದು ಸುಳ್ಳು,
ನನ್ನಲ್ಲಿ ಏನೂ ಉಳಿದಿಲ್ಲ.

ಹೀಗೆ ಒಪ್ಪಿಕೊಂಡ ಮೇಲೆ ಮೊದಲಿನ ಪಲ್ಲವಿಯನ್ನೇ ಮತ್ತೆ ಹಾಡಲು ಸಾಧ್ಯವಿಲ್ಲ. ಕೊನೆಯ ಪಲ್ಲವಿಯಲ್ಲಿ ಒಂದೆರಡು ಪದಗಳನ್ನು ಮಾತ್ರ ಬದಲಿಸಿ: ‘ಹೋಗುವುದಾದರು ಹೇಳಲೆಬೇಡ’. ಧಾಟಿ ಅದೇ, ಮಾತ್ರೆಗಳ ಲೆಕ್ಕವೂ ಅದೇ, ಕೋರಿಕೆ ಮಾತ್ರ ತಲೆಕೆಳಗಾಗಿದೆ. ಇಡೀ ಹಾಡಿನ ಕಥೆ ಈ ಬದಲಾವಣೆಯಲ್ಲಿ ಇರುವುದರಿಂದ ಇದನ್ನು ಮೊದಲೇ ಬರೆದಿಟ್ಟುಕೊಂಡು, ಉಳಿದ ಚರಣಗಳನ್ನು ಇದರತ್ತ ನಡೆಸಿಕೊಂಡು ಬರುವುದು ಸುಲಭವಾದ ದಾರಿ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ‘ನೀನು ಹೋದರೆ ನಾನು ಬದುಕುವುದಿಲ್ಲ’ ಎಂಬ ಧಾಟಿಯ ಸಾಲುಗಳು ದುರ್ಬಲತೆಯನ್ನು ತೋರಿಸುವುದಿಲ್ಲ, ಎದುರಿನವರನ್ನು ಕಟ್ಟಿಹಾಕುತ್ತವೆ. ತನ್ನನ್ನು ತೆರೆದಿಟ್ಟುಕೊಂಡವರು ಎದುರಿನವರಿಗೆ ಹೋಗುವ ಸ್ವಾತಂತ್ರ್ಯವನ್ನೂ ಬಿಟ್ಟುಕೊಟ್ಟಿರುತ್ತಾರೆ, ಭಯ ಇರುವುದೇ ಆ ಸ್ವಾತಂತ್ರ್ಯದ ಕಾರಣದಿಂದ. ಬೆದರಿಕೆಯಾಗಬಲ್ಲ ಯಾವ ಸಾಲನ್ನೂ, ಅದು ಎಷ್ಟೇ ಚೆನ್ನಾಗಿ ಪ್ರಾಸಕ್ಕೆ ಕೂಡಿಬಂದಿದ್ದರೂ, ಉಳಿಸಿಕೊಳ್ಳಬೇಡಿ.

ಮಾತನ್ನು ಲಯಕ್ಕೆ ಕೂರಿಸುವುದು

ರಾಕ್ ಸಂಗೀತದ ಬಹುಪಾಲು ನಾಲ್ಕು ಬೀಟ್‌ಗಳ ಬಾರ್‌ನಲ್ಲಿ, ಅಂದರೆ ನಾಲ್ಕು ತಾಳದೇಟುಗಳ ಒಂದು ಆವರ್ತದಲ್ಲಿ, ನಡೆಯುತ್ತದೆ, ನಾಲ್ಕು ಮಾತ್ರೆಯ ಗಣಗಳು ಅದಕ್ಕೆ ಹೇಳಿ ಮಾಡಿಸಿದಂತೆ ಹೊಂದುತ್ತವೆ. ಮೇಲಿನ ಪಲ್ಲವಿಯನ್ನು ಬಿಡಿಸಿ ನೋಡಿ: ಹೋಗುವು – ದಾದರೆ – ಈಗಲೆ – ಹೇಳು, ಅರ್ಧವು – ನನ್ನಲೆ – ಉಳಿದಿರು – ವಾಗ. ಎರಡೂ ಸಾಲುಗಳಲ್ಲಿ ನಾಲ್ಕು, ನಾಲ್ಕು, ನಾಲ್ಕು, ಮೂರು ಮಾತ್ರೆಗಳಿವೆ. ಕೊನೆಯ ಗಣದಲ್ಲಿ ಕಡಿಮೆಯಾದ ಒಂದು ಮಾತ್ರೆ ಉಸಿರು ತೆಗೆದುಕೊಳ್ಳಲು ಬೇಕೇ ಬೇಕು. ಪ್ರತಿ ಗಣಕ್ಕೆ ಎರಡು ಬೀಟ್ ಕೊಟ್ಟರೆ ಒಂದು ಸಾಲು ಎರಡು ಬಾರ್‌ಗಳಲ್ಲಿ ಕೂರುತ್ತದೆ. ಎರಡು ಸಾಲುಗಳನ್ನು ಎರಡು ಬಾರಿ ಹಾಡಿದರೆ ಎಂಟು ಬಾರ್‌ಗಳ ಪಲ್ಲವಿ ಸಿದ್ಧವಾಗುತ್ತದೆ. ಚರಣಗಳಲ್ಲಿ ಇಷ್ಟು ಬಿಗಿ ಬೇಡ. ಅಲ್ಲಿ ಮಾತು ಮಾತಿನಂತೆಯೇ ಸ್ವಲ್ಪ ಎಡವುತ್ತಾ ನಡೆದರೆ, ಹಾಡುವವರು ಪದಗಳನ್ನು ಹುಡುಕುತ್ತಿದ್ದಾರೆಂಬ ಭಾವನೆ ಬರುತ್ತದೆ.

ಉದ್ದಕ್ಕೆ ಎಳೆಯುವ ಸ್ವರದ ಮೇಲೆ ದೀರ್ಘಾಕ್ಷರವೇ ಬರುವಂತೆ ನೋಡಿಕೊಳ್ಳಿ. ಹ್ರಸ್ವವನ್ನು ಎಳೆದರೆ ಅರ್ಥವೇ ಕೆಟ್ಟುಹೋಗುತ್ತದೆ, ‘ಮನ’ ಎಂದು ಹಾಡಿದ್ದು ‘ಮಾನ’ ಎಂದು ಕೇಳಿಸುತ್ತದೆ. ಒತ್ತಕ್ಷರದ ಮೊದಲಿನ ಅಕ್ಷರ ಛಂದಸ್ಸಿನಲ್ಲಿ ಗುರುವಾದರೂ ಹಾಡಿನಲ್ಲಿ ಎಳೆಯಲು ಬಾರದು. ‘ಇಲ್ಲ’ ಎಂಬುದನ್ನು ಎಳೆಯಬೇಕೆಂದರೆ ಕೊನೆಯ ಅಕಾರವನ್ನೇ ಎಳೆಯಬೇಕಾಗುತ್ತದೆ. ಗಂಟಲನ್ನು ಪೂರ್ತಿ ತೆರೆದು ಹಾಡಬೇಕಾದ ಎತ್ತರದ ಸ್ವರಕ್ಕೆ ಆ, ಏ, ಓ ಒಳ್ಳೆಯವು. ಈ ಮತ್ತು ಊ ಎತ್ತರದಲ್ಲಿ ಗಂಟಲನ್ನು ಬಿಗಿಯುತ್ತವೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದರಿಂದ ಸಾಲಿನ ಕೊನೆಯವರೆಗೂ ಕೇಳುಗರನ್ನು ಕಾಯಿಸಬಹುದು, ಆತಂಕದ ಹಾಡಿಗೆ ಇದಕ್ಕಿಂತ ಉಪಯುಕ್ತವಾದ ಗುಣ ಇನ್ನೊಂದಿಲ್ಲ. ಆದಿಪ್ರಾಸಕ್ಕಾಗಿಯೋ ಅಂತ್ಯಪ್ರಾಸಕ್ಕಾಗಿಯೋ ಕ್ರಿಯಾಪದವನ್ನು ಮುಂದಕ್ಕೆ ಎಳೆದು ಈ ಲಾಭವನ್ನು ಕಳೆದುಕೊಳ್ಳಬಾರದು.

ಕಾರ್ಡ್‌ಗಳು: ಮನೆ ಸೇರದ ಸಂಗೀತ

ಸಿ ಮೇಜರ್‌ನಲ್ಲಿ ಕೆಲಸ ಆರಂಭಿಸಿ. ನಿಮ್ಮ ಕಂಠಕ್ಕೆ ಹೊಂದದಿದ್ದರೆ ಕೇಪೋ, ಅಂದರೆ ತಂತಿಗಳನ್ನು ಅಡ್ಡಲಾಗಿ ಒತ್ತಿಹಿಡಿಯುವ ಕ್ಲಿಪ್ಪು, ಹಾಕಿ ಶ್ರುತಿಯನ್ನು ಏರಿಸಿಕೊಳ್ಳಬಹುದು. ಚರಣಕ್ಕೆ ಎ ಮೈನರ್, ಎಫ್, ಸಿ, ಜಿ ಎಂಬ ನಾಲ್ಕು ಕಾರ್ಡ್‌ಗಳ ಸುತ್ತು ಸಾಕಾಗುತ್ತದೆ. ಇದು ಬಹಳ ಬಳಕೆಯಾದ ಸುತ್ತು, ಅದೇ ಅದರ ಅನುಕೂಲ: ಮುಂದೆ ಏನು ಬರುತ್ತದೆಂದು ಕಿವಿಗೆ ಗೊತ್ತಿರುವುದರಿಂದ, ನೀವು ಒಂದು ಕಡೆ ಅದನ್ನು ತಪ್ಪಿಸಿದರೆ ಕೇಳುಗರಿಗೆ ಕೂಡಲೇ ನೆಲ ಅಲುಗಿದಂತಾಗುತ್ತದೆ.

ತಪ್ಪಿಸಲು ಮೂರು ಜಾಗಗಳಿವೆ. ಮೊದಲನೆಯದು ಎಫ್ ಮೇಜರ್ ಬದಲಿಗೆ ಎಫ್ ಮೈನರ್. ಎಫ್ ಕಾರ್ಡ್‌ನೊಳಗಿನ ಎ ಸ್ವರ ಅರ್ಧ ಮೆಟ್ಟಿಲು ಕೆಳಗಿಳಿಯುತ್ತದೆ. ಸಿ ಸ್ವರವನ್ನು ಷಡ್ಜವೆಂದು ಹಿಡಿದರೆ ಚತುಶ್ರುತಿ ಧೈವತ ಶುದ್ಧ ಧೈವತವಾಗುತ್ತದೆ. ಆ ಒಂದೇ ಸ್ವರ ಜಾರಿದ್ದಕ್ಕೆ ಇಡೀ ಸಾಲಿನ ಬೆಳಕು ಕುಂದುತ್ತದೆ. ಇದರ ಪರಿಣಾಮವನ್ನು ಕಿವಿಯಾರೆ ತಿಳಿಯಬೇಕೆನ್ನುವವರು ರೇಡಿಯೋಹೆಡ್ ತಂಡದ 1992ರ ‘ಕ್ರೀಪ್’ ಹಾಡನ್ನು ಕೇಳಬಹುದು. ಅದರ ಸುತ್ತು ಜಿ, ಬಿ, ಸಿ, ಸಿ ಮೈನರ್, ಕೊನೆಯ ಎರಡು ಕಾರ್ಡ್‌ಗಳ ನಡುವೆ ನಡೆಯುವುದು ಇದೇ ಜಾರಿಕೆ. ನಮ್ಮ ಮಾದರಿಯಲ್ಲಿ ‘ಉಳಿದಿರುವಾಗ’ ಎಂಬಲ್ಲಿ ಎಫ್‌ನಿಂದ ಎಫ್ ಮೈನರ್‌ಗೆ ಹೋಗಿ. ಅರ್ಧ ಉಳಿದಿದೆ ಎಂದು ಮಾತು ಹೇಳುತ್ತಿರುವಾಗ ಅದು ನಿಜವಲ್ಲವೆಂದು ಕಾರ್ಡ್ ಹೇಳಿಬಿಡುತ್ತದೆ.

ಎರಡನೆಯದು ಜಿ ಸಸ್ 4. ಇದರಲ್ಲಿ ಬಿ ಸ್ವರದ ಜಾಗದಲ್ಲಿ ಸಿ ಇರುತ್ತದೆ, ಕಿವಿ ಅದು ಬಿ ಸ್ವರಕ್ಕೆ ಇಳಿಯಲೆಂದು ಕಾಯುತ್ತದೆ. ಒಂದು ಪೂರ್ತಿ ಬಾರ್ ಕಾಯಿಸಿ, ಆಮೇಲೆ ಇಳಿಸಿ. ಮೂರನೆಯದು ಪಲ್ಲವಿಯ ಅಂತ್ಯ: ಜಿ ಆದ ಮೇಲೆ ಕಿವಿ ಸಿ ಕಾರ್ಡ್‌ಗಾಗಿ ಕಾದಿರುವಾಗ ಎ ಮೈನರ್‌ಗೆ ಹೋಗಿ. ಹಾಡಿನ ಕಟ್ಟಕಡೆಗೆ ಸಿ ಮೇಜರ್‌ನಲ್ಲಿ ನೆಮ್ಮದಿಯಾಗಿ ಮುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಏನಾಗುವುದೆಂದು ಹಾಡುವವರಿಗೇ ಗೊತ್ತಿಲ್ಲದ ಹಾಡು ಎಫ್ ಮೇಲೋ ಜಿ ಮೇಲೋ ನಿಂತರೆ ಹೆಚ್ಚು ಪ್ರಾಮಾಣಿಕವಾಗಿರುತ್ತದೆ.

ಪಲ್ಲವಿಯಲ್ಲಿ ಡಿಸ್ಟಾರ್ಷನ್ (ನಾದವನ್ನು ಬೇಕೆಂದೇ ಒಡೆದು ಒರಟಾಗಿಸುವ ಪರಿಣಾಮ) ಹಾಕಿದ ಗಿಟಾರ್ ಬಂದಾಗ ಪೂರ್ಣ ಕಾರ್ಡ್‌ಗಳ ಬದಲು ಪವರ್ ಕಾರ್ಡ್‌ಗಳನ್ನು ನುಡಿಸಿ. ಪವರ್ ಕಾರ್ಡ್‌ನಲ್ಲಿ ಷಡ್ಜ ಪಂಚಮಗಳು ಮಾತ್ರ ಇರುತ್ತವೆ, ಮೇಜರ್ ಮೈನರ್ ಎಂದು ನಿರ್ಧರಿಸುವ ಗಾಂಧಾರ ಇರುವುದಿಲ್ಲ. ಡಿಸ್ಟಾರ್ಷನ್‌ನಲ್ಲಿ ಗಾಂಧಾರ ಸೇರಿದರೆ ನಾದ ರಾಡಿಯಾಗುತ್ತದೆ, 3:2 ಅನುಪಾತದ ಪಂಚಮ ಮಾತ್ರ ಸ್ಪಷ್ಟವಾಗಿ ಉಳಿಯುತ್ತದೆ. ಇದರಿಂದ ಇನ್ನೊಂದು ಲಾಭವಿದೆ: ಸುಖವೋ ದುಃಖವೋ ಎಂದು ಹೇಳುವ ಕೆಲಸ ಆಗ ಕಂಠದ ಪಾಲಿಗೆ ಬರುತ್ತದೆ. ಎಫ್ ಮೈನರ್‌ನ ಜಾರಿಕೆಯನ್ನು ಮಾತ್ರ ಡಿಸ್ಟಾರ್ಷನ್ ಇಲ್ಲದ ಎರಡನೆಯ ಗಿಟಾರಿಗೆ ಅಥವಾ ಕೀಬೋರ್ಡಿಗೆ ವಹಿಸಬೇಕು, ಇಲ್ಲದಿದ್ದರೆ ಅದು ಗದ್ದಲದಲ್ಲಿ ಮುಳುಗಿಹೋಗುತ್ತದೆ.

ಧಾಟಿಯ ಎತ್ತರ

ಇಡೀ ಹಾಡು ಒಂದೂವರೆ ಸಪ್ತಕದೊಳಗೆ ಇರಲಿ. ಚರಣವನ್ನು ನಿಮ್ಮ ಮಾತಿನ ಶ್ರುತಿಯ ಆಸುಪಾಸಿನಲ್ಲಿ, ಪಕ್ಕಪಕ್ಕದ ಸ್ವರಗಳಲ್ಲೇ ಹಾಡಿ. ಪಲ್ಲವಿ ಅದಕ್ಕಿಂತ ನಾಲ್ಕೈದು ಸ್ವರ ಮೇಲೆ ಆರಂಭವಾಗಲಿ. ಅತಿ ಎತ್ತರದ ಸ್ವರವನ್ನು ಪಲ್ಲವಿಗೆ ಖರ್ಚು ಮಾಡದೆ ಬ್ರಿಡ್ಜ್‌ನ ‘ಏನೂ’ ಎಂಬ ಪದಕ್ಕೆ ಉಳಿಸಿಕೊಳ್ಳಿ. ಆ ಸ್ವರ ನಿಮ್ಮ ಕಂಠದ ಗಡಿಗೆ ಹತ್ತಿರವಿದ್ದು, ತಲುಪುವುದೋ ಇಲ್ಲವೋ ಎಂಬ ಸಣ್ಣ ಅನುಮಾನ ಕೇಳುಗರಿಗೆ ಬರುವಂತಿರಬೇಕು. ಆದರೆ ದಿನವೂ ಹಾಡಿದರೆ ಗಂಟಲು ನೋಯುವಷ್ಟು ಎತ್ತರಕ್ಕೆ ಹೋಗುವುದು ಸರಿಯಲ್ಲ. ನೋವು ಕಾಣಿಸಿಕೊಂಡರೆ ಇಡೀ ಹಾಡನ್ನು ಒಂದು ಶ್ರುತಿ ಇಳಿಸಿ.

ವೇಗ, ಉದ್ದ, ವಾದ್ಯಗಳು

ಲಯದ ಏಟು ಹಾಕುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 72 ಬೀಟ್‌ಗಳಿಗೆ ಇಟ್ಟು ಪಲ್ಲವಿಯನ್ನು ಹಾಡಿ ನೋಡಿ. ತೀರಾ ಎಳೆದಂತೆ ಅನ್ನಿಸಿದರೆ 80ರವರೆಗೆ ಏರಿಸಬಹುದು, ಅದಕ್ಕಿಂತ ಹೆಚ್ಚಾದರೆ ಹಿಂಜರಿಕೆಗೆ ಜಾಗ ಉಳಿಯುವುದಿಲ್ಲ. 72ರ ವೇಗದಲ್ಲಿ ನಾಲ್ಕು ನಿಮಿಷಕ್ಕೆ 288 ಬೀಟ್, ಅಂದರೆ 72 ಬಾರ್‌ಗಳು ಸಿಗುತ್ತವೆ. ಅವುಗಳನ್ನು ಹೀಗೆ ಹಂಚಬಹುದು: ಆರಂಭಕ್ಕೆ 4, ಮೊದಲ ಚರಣಕ್ಕೆ 16, ಪಲ್ಲವಿಗೆ 8, ಎರಡನೆಯ ಚರಣಕ್ಕೆ 8, ಪಲ್ಲವಿಗೆ 8, ಬ್ರಿಡ್ಜ್‌ಗೆ 8, ಗಿಟಾರಿಗೆ 4, ಕೊನೆಯ ಪಲ್ಲವಿಗೆ 12, ಮುಕ್ತಾಯಕ್ಕೆ 4. ಎರಡನೆಯ ಚರಣ ಮೊದಲನೆಯದರ ಅರ್ಧದಷ್ಟೇ ಇರಬೇಕು, ಏಕೆಂದರೆ ಅಷ್ಟು ಹೊತ್ತಿಗೆ ಕೇಳುಗರಿಗೆ ಪರಿಸ್ಥಿತಿ ತಿಳಿದಿರುತ್ತದೆ.

ಈ ವಸ್ತುವಿಗೆ ರಾಕ್ ಶೈಲಿ ಏಕೆ ಒಪ್ಪುತ್ತದೆ ಎಂಬುದು ವಾದ್ಯ ಹಂಚಿಕೆಯಲ್ಲಿ ತಿಳಿಯುತ್ತದೆ. ಪಿಸುಮಾತಿನಿಂದ ಕೂಗಿನವರೆಗಿನ ಅಂತರ ಒಂದೇ ಹಾಡಿನಲ್ಲಿ ಇರುವುದಕ್ಕೆ ಈ ಶೈಲಿಯಲ್ಲಿ ಅವಕಾಶವಿದೆ. ಆದರೆ ಜೋರಾದ ಭಾಗ ಕೋಪದಂತೆ ಕೇಳಿಸಬಾರದು. ಅಲ್ಲಿಯವರೆಗೆ ತಡೆಹಿಡಿದದ್ದು ಇನ್ನು ತಡೆಯಲಾಗದೆ ಹೊರಬಂದಂತೆ ಕೇಳಿಸಬೇಕು. ಹಾಗಾಗಬೇಕಾದರೆ ತಡೆಹಿಡಿಯುವುದನ್ನು ಮೊದಲು ತೋರಿಸಬೇಕು. ಮೊದಲ ಚರಣದಲ್ಲಿ ಒಂದು ಗಿಟಾರ್ ಮತ್ತು ಕಂಠ ಮಾತ್ರ ಇರಲಿ, ತಂತಿಗಳನ್ನು ಬೆರಳಿನಿಂದ ಒಂದೊಂದಾಗಿ ಮೀಟಿ. ಮೊದಲ ಪಲ್ಲವಿಗೆ ಬೇಸ್ ಗಿಟಾರ್ ಸೇರಲಿ, ಡ್ರಮ್ಸ್ ಬಂದರೂ ಸ್ನೇರ್ ಡ್ರಮ್ಮಿನ ಅಂಚಿನ ಮೇಲೆ ಕಡ್ಡಿ ತಾಗಿಸುವಷ್ಟಕ್ಕೆ ನಿಲ್ಲಲಿ. ಎರಡನೆಯ ಚರಣದಲ್ಲಿ ಪಾಮ್ ಮ್ಯೂಟ್, ಅಂದರೆ ಅಂಗೈಯ ಅಂಚನ್ನು ಗಿಟಾರಿನ ಮೈಮೇಲೆ ತಂತಿಗಳನ್ನು ಹೊತ್ತಿರುವ ಪಟ್ಟಿಯ ಬಳಿ ತಂತಿಗಳ ಮೇಲೆ ಒರಗಿಸಿ ನುಡಿಸುವ ಕ್ರಮ, ಎದೆಬಡಿತದಂಥ ಒತ್ತಡವನ್ನು ತರುತ್ತದೆ. ಡಿಸ್ಟಾರ್ಷನ್ ಎರಡನೆಯ ಪಲ್ಲವಿಯಲ್ಲಿ ಮೊದಲ ಸಲ ತೆರೆದುಕೊಳ್ಳಲಿ. ಬ್ರಿಡ್ಜ್‌ನಲ್ಲಿ ಇಡೀ ತಂಡ ಪೂರ್ಣ ಬಲದಿಂದ ನುಡಿಸಿ, ‘ಏನೂ ಉಳಿದಿಲ್ಲ’ ಎಂಬುದರ ಬೆನ್ನಿಗೇ ಒಮ್ಮೆಲೇ ನಿಲ್ಲಬೇಕು.

ಆಮೇಲಿನ ನಾಲ್ಕು ಬಾರ್‌ಗಳಲ್ಲಿ ಗಿಟಾರ್ ವೇಗದ ಕೈಚಳಕ ತೋರಿಸುವುದು ಬೇಡ. ಪಲ್ಲವಿಯ ಧಾಟಿಯನ್ನೇ, ಒಂದೆರಡು ಸ್ವರಗಳನ್ನು ಬೆಂಡ್ ಮಾಡಿ (ತಂತಿಯನ್ನು ಪಕ್ಕಕ್ಕೆ ತಳ್ಳಿ ಏರಿಸಿ), ಹಾಡಿದಂತೆ ನುಡಿಸಲಿ. ಕೊನೆಯ ಪಲ್ಲವಿ ಅತ್ಯಂತ ಜೋರಾಗಿಯೇ ಆರಂಭವಾಗಬೇಕೆಂಬ ರೂಢಿಯನ್ನು ಇಲ್ಲಿ ಮುರಿಯಿರಿ. ‘ಹೋಗುವುದಾದರು ಹೇಳಲೆಬೇಡ’ ಎಂಬ ಬದಲಾದ ಸಾಲು ಗದ್ದಲದಲ್ಲಿ ಕಳೆದುಹೋಗಬಾರದು. ಮೊದಲ ನಾಲ್ಕು ಬಾರ್‌ಗಳನ್ನು ಕಂಠ ಮತ್ತು ಒಂದೇ ಗಿಟಾರಿಗೆ ಬಿಟ್ಟು, ಉಳಿದ ಎಂಟಕ್ಕೆ ತಂಡವನ್ನು ಮರಳಿ ತನ್ನಿ.

ಹಾಡುವುದು ಮತ್ತು ಧ್ವನಿಮುದ್ರಣ

ಒಂದು ನಿರ್ದಿಷ್ಟ ದಿಕ್ಕಿನಿಂದ ಬರುವ ಧ್ವನಿಯನ್ನು ಹಿಡಿಯುವ ಮೈಕ್‌ಗಳಲ್ಲಿ, ಬಾಯಿ ಹತ್ತಿರವಾದಷ್ಟೂ ಮಂದ್ರ ಕಂಪನಗಳು ಹಿಗ್ಗಿ ಕೇಳಿಸುತ್ತವೆ. ಈ ಗುಣ ನಮಗೆ ಅನುಕೂಲ. ಚರಣಗಳಲ್ಲಿ ಒಂದು ಗೇಣಿಗಿಂತ ಕಡಿಮೆ ದೂರದಿಂದ, ಉಸಿರಿನ ಹೊಡೆತವನ್ನು ತಡೆಯುವ ಪಾಪ್ ಫಿಲ್ಟರ್ ಇಟ್ಟುಕೊಂಡು, ಕಿವಿಯಲ್ಲಿ ಹೇಳಿದಂತೆ ಹಾಡಿ. ಪಲ್ಲವಿಯಲ್ಲಿ ಅರ್ಧ ಹೆಜ್ಜೆ ಹಿಂದೆ ಸರಿಯಿರಿ. ಅತಿ ಜೋರಾದ ಸ್ವರ ಮೀಟರಿನಲ್ಲಿ ಮೈನಸ್ 10 ಡೆಸಿಬೆಲ್ ಸುತ್ತಮುತ್ತ ನಿಲ್ಲುವಂತೆ ಗೇನ್, ಅಂದರೆ ಮೈಕ್ ಸಂಕೇತವನ್ನು ಹಿಗ್ಗಿಸುವ ಪ್ರಮಾಣವನ್ನು, ಹೊಂದಿಸಿದರೆ ಬ್ರಿಡ್ಜ್‌ನಲ್ಲಿ ಧ್ವನಿ ಒಡೆಯುವುದಿಲ್ಲ.

ಸಾಲುಸಾಲಾಗಿ ಕತ್ತರಿಸಿ ಹಾಡುವುದಕ್ಕಿಂತ ಇಡೀ ಹಾಡನ್ನು ಆದಿಯಿಂದ ಅಂತ್ಯದವರೆಗೆ ಹಲವು ಬಾರಿ ಹಾಡಿ, ಅವುಗಳಲ್ಲಿ ಒಂದನ್ನು ಮುಖ್ಯವಾಗಿ ಆರಿಸಿಕೊಳ್ಳುವುದು ಮೇಲು. ಬ್ರಿಡ್ಜ್ ತಲುಪುವ ಹೊತ್ತಿಗೆ ಕಂಠ ಸ್ವಲ್ಪ ದಣಿದಿರಬೇಕು. ಆ ದಣಿವನ್ನು ಬಿಡಿ ಸಾಲು ಹಾಡಿ ತರಲಾಗುವುದಿಲ್ಲ. ಸಾಲುಗಳ ನಡುವಿನ ಉಸಿರಿನ ಸದ್ದನ್ನು ಅಳಿಸಬೇಡಿ. ಶ್ರುತಿ ತಿದ್ದುವ ತಂತ್ರಾಂಶವನ್ನು ಬಳಸುವುದಾದರೆ ಸ್ಪಷ್ಟವಾಗಿ ಅಪಸ್ವರವಾದ ಜಾಗದಲ್ಲಿ ಮಾತ್ರ ಬಳಸಿ, ಸ್ವರ ತಲುಪುವ ಮೊದಲಿನ ಸಣ್ಣ ಜಾರಿಕೆಗಳು ಹಾಗೆಯೇ ಇರಲಿ. ಅಳುಮೋರೆಯ ದನಿಯನ್ನು ಬೇಕೆಂದೇ ತರುವುದನ್ನು ಮಾತ್ರ ಖಂಡಿತವಾಗಿ ಬಿಡಬೇಕು. ಅಳುವನ್ನು ತಡೆದುಕೊಂಡು ಮಾತನಾಡುವವರ ದನಿ ಹೇಗೆ ಸಮತಟ್ಟಾಗಿರುತ್ತದೆಯೋ ಹಾಗೆ ಹಾಡಿದರೆ ಕೇಳುಗರು ತಾವಾಗಿಯೇ ಉಳಿದದ್ದನ್ನು ತುಂಬಿಕೊಳ್ಳುತ್ತಾರೆ.

ಡಿಸ್ಟಾರ್ಷನ್ ಗಿಟಾರನ್ನು ಎರಡು ಬಾರಿ ಬೇರೆಬೇರೆಯಾಗಿ ನುಡಿಸಿ, ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಇಡಿ. ಒಂದೇ ಮುದ್ರಣವನ್ನು ನಕಲು ಮಾಡಿಟ್ಟರೆ ಆ ಅಗಲ ಬರುವುದಿಲ್ಲ. ಹೀಗೆ ತೆರವಾದ ನಡುವಿನ ಜಾಗದಲ್ಲಿ ಕಂಠ ಒಂಟಿಯಾಗಿ ನಿಲ್ಲುತ್ತದೆ.

ಹೊರಗೆ ಬಿಡುವ ಮೊದಲು

ಮುದ್ರಿಸಿದ ಧ್ವನಿಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್‌ಗೆ ಕುಳಿತುಕೊಳ್ಳುವ ಮೊದಲೇ ಹಾಡನ್ನು ಒಂದು ಗಿಟಾರಿನೊಂದಿಗೆ, ವಿಷಯ ಗೊತ್ತಿಲ್ಲದ ಒಬ್ಬರ ಮುಂದೆ ಹಾಡಿ, ‘ಈ ಹಾಡಿನಲ್ಲಿರುವ ಇಬ್ಬರೂ ಈಗ ಜೊತೆಗಿದ್ದಾರೆಯೇ’ ಎಂಬ ಒಂದೇ ಪ್ರಶ್ನೆಯನ್ನು ಕೇಳಿ. ‘ಇಲ್ಲ, ಬಿಟ್ಟುಹೋಗಿದ್ದಾರೆ’ ಎಂಬ ಉತ್ತರ ಬಂದರೆ ಸಾಹಿತ್ಯದಲ್ಲಿ ಎಲ್ಲೋ ಭೂತಕಾಲ ಅಡಗಿದೆ ಅಥವಾ ಧಾಟಿ ಆರಂಭದಿಂದಲೇ ಶೋಕಕ್ಕೆ ಇಳಿದಿದೆ. ಅದನ್ನು ಹುಡುಕಿ ತೆಗೆಯಿರಿ. ‘ಇದ್ದಾರೆ, ಆದರೆ ಎಷ್ಟು ದಿನ ಇರುತ್ತಾರೋ’ ಎಂಬರ್ಥದ ಉತ್ತರ ಬಂದರೆ ಸಾಹಿತ್ಯವನ್ನು ಇನ್ನು ಮುಟ್ಟಬೇಡಿ.

ಹಾಡು ನಿಮ್ಮದೇ ಬದುಕಿನಿಂದ ಬಂದಿದ್ದು, ಅದನ್ನು ಯಾರಿಗಾಗಿ ಬರೆದಿರೋ ಅವರು ಈಗಲೂ ನಿಮ್ಮ ಜೊತೆಗಿದ್ದರೆ, ಸಾರ್ವಜನಿಕವಾಗಿ ಹಾಡುವ ಮೊದಲು ಅವರೊಬ್ಬರಿಗೇ ಕೇಳಿಸಬೇಕು. ಅವರ ಗುರುತು ಸಿಗುವ ವಿವರಗಳನ್ನು ಅವರು ಬೇಡವೆಂದರೆ ಬದಲಿಸಿ. ನಿಮ್ಮ ಬಗ್ಗೆ ನೀವು ಹೇಳಿಕೊಂಡದ್ದನ್ನು ಮೆದುಗೊಳಿಸಬೇಕೆಂದು ಅವರು ಕೇಳಿದರೆ ಮಾತ್ರ, ಒಂದು ದಿನ ಬಿಟ್ಟು ಯೋಚಿಸಿ ನಿರ್ಧರಿಸಿ.